ಬೇಲಿ ಯಾರದು, ಬಾಗಿಲು ಯಾರಿಗೆ?
(ವಿದ್ಯಾರ್ಥಿ ನಿಲಯದ ಸಭೆಯಲ್ಲಿ ಮಾಡಿದ ಭಾಷಣ)



ಸಂವಿಧಾನ ಬದಲಾಗೋದು ಪಾರ್ಲಿಮೆಂಟಿನಲ್ಲಿ, ಇಲ್ಲಾ ಸುಪ್ರೀಂ ಕೋರ್ಟಿನಲ್ಲಿ ಅಂತ ನಾವೆಲ್ಲ ತಿಳಿದಿದ್ದೇವೆ. ಮೂರನೇ ಜಾಗ ಒಂದಿದೆ. ಅದು ತರಗತಿಯ ಕೋಣೆ.

1965ರ ಫೆಬ್ರವರಿಯಲ್ಲಿ ಡೀಟ್ರಿಷ್ ಕಾನ್ರಾಡ್ ಎಂಬ ಜರ್ಮನ್ ಪಂಡಿತ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಒಂದು ಉಪನ್ಯಾಸ ಕೊಟ್ಟ. ತಿದ್ದುಪಡಿಯ ಅಧಿಕಾರಕ್ಕೆ ಮಿತಿ ಇಲ್ಲವೆ? ಜೀವಿಸುವ ಹಕ್ಕನ್ನೇ ತಿದ್ದುಪಡಿ ಮಾಡಿ ಕಿತ್ತುಹಾಕಬಹುದೆ? ಹೀಗೆ ಕೇಳಿದ. ಅವನ ದೇಶ ಪೆಟ್ಟು ತಿಂದಿತ್ತು. 1933ರಲ್ಲಿ ಹಿಟ್ಲರ್ ಕಾನೂನಿನ ಹೆಸರಿನಲ್ಲೇ ಪಾರ್ಲಿಮೆಂಟಿನ ಅಧಿಕಾರ ಕಸಿದುಕೊಂಡಿದ್ದ. ಅದಕ್ಕೇ 1949ರ ಜರ್ಮನ್ ಸಂವಿಧಾನ, ಮನುಷ್ಯನ ಘನತೆಯಂಥ ಕೆಲವು ತತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟಬಾರದು ಎಂದು ಬರೆದುಕೊಂಡಿತು.

ಆ ಉಪನ್ಯಾಸ ವಕೀಲರ ಕೈಗೆ ಬಂತು. 1967ರ ಗೋಲಕನಾಥ್ ಮೊಕದ್ದಮೆಯಲ್ಲಿ ವಾದವಾಯಿತು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರು ಕೂತು, 7-6ರ ಬಹುಮತದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದ ಕೆಡಿಸುವಂತಿಲ್ಲ ಎಂದು ತೀರ್ಪಿತ್ತರು. ನ್ಯಾಯಮೂರ್ತಿ ಖನ್ನಾ ತಮ್ಮ ತೀರ್ಪಿನಲ್ಲಿ ಕಾನ್ರಾಡ್‌ನ ಮಾತನ್ನು ಎತ್ತಿ ಹೇಳಿದರು.

ಈ ಮೊಕದ್ದಮೆಗಳನ್ನು ಹಾಕಿದವರು ಯಾರು? ಗೋಲಕನಾಥ್ ಮನೆತನ ಪಂಜಾಬಿನಲ್ಲಿ ನೂರಾರು ಎಕರೆ ಇದ್ದವರು. ಕೇಶವಾನಂದ ಭಾರತಿ ನಮ್ಮ ಗಡಿಯಾಚೆಯ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಇಬ್ಬರೂ ಕೋರ್ಟಿಗೆ ಹೋಗಿದ್ದು ಭೂಸುಧಾರಣೆಯ ವಿರುದ್ಧ. ಜಮೀನು ಉಳಿಸಿಕೊಳ್ಳೋಕೆ ಹಾಕಿದ ಬೇಲಿ ಇದು. ಜಮೀನೇ ಇಲ್ಲದ ನಾವು ಇದಕ್ಕೆ ಕಣ್ಣು ಮುಚ್ಚಿ ಕೈ ಮುಗಿಯಬೇಕೆ?

ಆದರೆ ಅದೇ ಬೇಲಿ ನಮ್ಮ ಓಟನ್ನೂ ಕಾದಿದೆ. ತುರ್ತುಪರಿಸ್ಥಿತಿಯಲ್ಲಿ ಪ್ರಧಾನಿಯ ಚುನಾವಣೆ ಕೋರ್ಟಿಗೆ ನಿಲುಕದಂತೆ 39ನೇ ತಿದ್ದುಪಡಿ ತಂದಾಗ, 1975ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ಹೊಡೆದುಹಾಕಿತು.

ಇನ್ನೊಂದು ಮಗ್ಗುಲು ನೋಡ್ರಿ. ಮದ್ರಾಸಿನ ಕಾಲೇಜುಗಳಲ್ಲಿ ಪ್ರತಿ 14 ಸೀಟಿಗೆ 2 ಸೀಟು ಹರಿಜನರಿಗೆ ಅಂತಿದ್ದ ಸರ್ಕಾರಿ ಆಜ್ಞೆಯನ್ನು 1951ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಯಾವುದರ ಹೆಸರಿನಲ್ಲಿ? ಸಮಾನತೆಯ ಹೆಸರಿನಲ್ಲಿ! ಆಗ ಕಾನೂನು ಮಂತ್ರಿಯಾಗಿದ್ದ ಬಾಬಾಸಾಹೇಬರು ಪಾರ್ಲಿಮೆಂಟಿನಲ್ಲಿ ತಿದ್ದುಪಡಿಯ ಪರ ನಿಂತರು. ಜೂನ್ ಹೊತ್ತಿಗೆ 15(4)ನೇ ವಿಧಿ ಬಂತು. ಕಾಲೇಜಿನ ಬಾಗಿಲು ನಮಗೆ ಮತ್ತೆ ತೆರೆದದ್ದು ಒಂದು ತಿದ್ದುಪಡಿಯಿಂದ ಕಣ್ರಪ್ಪಾ!

ಆದ್ದರಿಂದ ‘ಒಂದಕ್ಷರ ಮುಟ್ಟಬೇಡಿ’ ಅನ್ನೋದೂ ಪೂರ್ತಿ ನಿಜವಲ್ಲ, ‘ಎಲ್ಲಾ ಬದಲಾಯಿಸಿ’ ಅನ್ನೋದಂತೂ ಮೋಸ. 2023ರ ಹೊತ್ತಿಗೆ 106 ತಿದ್ದುಪಡಿಗಳಾಗಿವೆ. ಒಂದೊಂದಕ್ಕೂ ನಾವು ಕೇಳಬೇಕಾದ್ದು ಒಂದೇ: ಇದು ಯಾರನ್ನು ಒಳಗೆ ಬಿಡುತ್ತೆ, ಯಾರನ್ನು ಹೊರಗೆ ನಿಲ್ಲಿಸುತ್ತೆ?

ಮೂಲ ಸ್ವರೂಪ ಅಂದರೆ ಏನೇನು ಅನ್ನೋ ಪಟ್ಟಿ ಇನ್ನೂ ಮುಗಿದಿಲ್ಲ. ಮೊಕದ್ದಮೆಯಿಂದ ಮೊಕದ್ದಮೆಗೆ ಬೆಳೀತಾ ಇದೆ. ಅದರಲ್ಲಿ ಅಸ್ಪೃಶ್ಯತೆಯನ್ನು ತೊಡೆದ 17ನೇ ವಿಧಿಯ ಜಾಗ ಯಾವುದು? ಆ ವಾದ ಕಟ್ಟೋರು ಯಾರು? ಅಲ್ಲಿ ಬನಾರಸಿನ ಉಪನ್ಯಾಸವೊಂದು ಎಂಟು ವರ್ಷದಲ್ಲಿ ತೀರ್ಪಾಯಿತು. ನಮ್ಮ ಹಾಸ್ಟೆಲಿನ ಕೋಣೆಯ ಮಾತು ಯಾಕೆ ಆಗಬಾರದು? ಭಾನುವಾರಕ್ಕೊಂದು ತೀರ್ಪು ಓದೋಣ. ಇಂಗ್ಲಿಷು ತೊಡಕಾದರೆ ನಾಲ್ಕು ಜನ ಕೂತು ಬಿಡಿಸೋಣ, ಕನ್ನಡದಲ್ಲಿ ಬರೆದು ಕೇರಿಗೆ ಒಯ್ಯೋಣ.

ಜೈ ಭೀಮ್.