ಕರೆಂಟಿಗೂ ಒಬ್ಬ ನೀರುಗಂಟಿ ಬೇಕು

ನಮ್ಮ ಬಯಲುಸೀಮೆಯ ಕೆರೆಗಳಿಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಕೆರೆ ಅವನದಲ್ಲ, ಗದ್ದೆಗಳೂ ಅವನವಲ್ಲ. ಆದರೆ ತೂಬು ಎತ್ತುವ ಕೈ ಅವನದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಪೈರು ಬಾಯಾರಿದೆ, ಯಾವ ಬದು ಒಡೆದು ನೀರು ಪೋಲಾಗುತ್ತಿದೆ ಎಂಬುದೆಲ್ಲ ಅವನಿಗೆ ಗೊತ್ತು. ನಡುರಾತ್ರಿ ಲಾಟೀನು ಹಿಡಿದು ಕಾಲುವೆಯುದ್ದಕ್ಕೂ ನಡೆಯುತ್ತಿದ್ದ. ಒಂದು ಗದ್ದೆ ತುಂಬಿತೋ, ಅಲ್ಲಿ ಹೆಂಟೆ ಇಟ್ಟು ಮಣ್ಣು ಕಟ್ಟಿ, ನೀರನ್ನು ಮುಂದಿನದಕ್ಕೆ ತಿರುಗಿಸುತ್ತಿದ್ದ. ಅವನು ಒಂದು ಹನಿ ನೀರನ್ನೂ ಹುಟ್ಟಿಸಲಿಲ್ಲ. ಆದರೂ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟುತ್ತಿದ್ದುದು ಅವನಿಂದಲೇ.

ಗೆಳೆಯರೇ, ಗೆಳತಿಯರೇ, ಒಂದು ರಾತ್ರಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿ. ಗಾಜಿನ ಗೋಡೆಯ ಎತ್ತರದ ಕಟ್ಟಡ. ಕೆಲಸದವರು ಮನೆ ಸೇರಿ ಎಷ್ಟೋ ಹೊತ್ತಾಗಿದೆ. ಆದರೂ ಮಹಡಿ ಮಹಡಿಯಲ್ಲೂ ದೀಪ ಉರಿಯುತ್ತಿದೆ. ಖಾಲಿ ಕುರ್ಚಿಗಳ ಮೇಲೆ ತಣ್ಣನೆಯ ಗಾಳಿ ಬೀಸುತ್ತಿದೆ. ಯಾರಿಗಾಗಿ ಈ ಬೆಳಕು? ಯಾರಿಗಾಗಿ ಈ ತಂಪು? ಪೈರೇ ಇಲ್ಲದ ಗದ್ದೆಗೆ ನೀರು ಹರಿಯುತ್ತಿದೆ. ತೂಬು ತೆರೆದೇ ಇದೆ. ಮುಚ್ಚುವವರಿಲ್ಲ.

ಆ ಬೆಳಕು ಎಲ್ಲಿಂದ ಬಂತು ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೇ? 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ಧುಮುಕಿದ ರಭಸವನ್ನು ತಂತಿಗೆ ಏರಿಸಿ ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ ನಾಡು ನಮ್ಮದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿಸಿದ ನಾಡು ನಮ್ಮದು. ಹೆಮ್ಮೆ ಪಡೋಣ. ಆದರೆ ಹೆಮ್ಮೆಯ ಜೊತೆಗೆ ಸಾಲವನ್ನೂ ನೆನೆಯೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕೊಳ್ಳದ ಊರುಗಳು, ಅಡಿಕೆ ತೋಟಗಳು, ಮನೆದೇವರ ಗುಡಿಗಳು ನೀರಿನ ಕೆಳಗೆ ಹೋದವು. ಹಿನ್ನೀರಿನ ಆಚೆ ಉಳಿದ ತುಮರಿ ಸೀಮೆಯ ಜನ ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಲಾಂಚ್ ಕಾಯುತ್ತ ನಿಂತರು. ಅವರಿಗೆ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅರವತ್ತು ವರ್ಷ! ನಮ್ಮ ಮನೆಯ ಬೆಳಕಿಗಾಗಿ ಮಲೆನಾಡಿನ ಒಂದು ಹೋಬಳಿ ಅರವತ್ತು ವರ್ಷ ದಡದಲ್ಲಿ ಕಾದು ನಿಂತಿತು.

ಅಲ್ಲಿಗೆ ಮುಗಿಯಲಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುತ್ತಿದೆ, ಹಾರುಬೂದಿ ಏಳುತ್ತಿದೆ. ಪಾವಗಡದ ಬರದ ನೆಲದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸಾವಿರಾರು ಎಕರೆಯ ಮೇಲೆ ಸೌರ ಫಲಕಗಳು ಹಾಸಿವೆ. ನಾವು ಒತ್ತುವ ಪ್ರತಿ ಸ್ವಿಚ್ಚಿನ ಹಿಂದೆ ಯಾರದೋ ನೆಲವಿದೆ, ಯಾವುದೋ ನದಿಯಿದೆ, ಯಾರೋ ಎಳೆದುಕೊಂಡ ಉಸಿರಿದೆ. ಅದನ್ನು ಖಾಲಿ ಕುರ್ಚಿಗೆ ಗಾಳಿ ಹಾಕಲು ಬಳಸುವುದೆ? ಆ ಹಕ್ಕನ್ನು ನಮಗೆ ಯಾರೂ ಕೊಟ್ಟಿಲ್ಲ.

ಹಾಗಾದರೆ ನಮ್ಮ ಕಟ್ಟಡಗಳ ನೀರುಗಂಟಿ ಎಲ್ಲಿ? ಇದ್ದಾನೆ. ದೊಡ್ಡ ಕಟ್ಟಡಗಳ ನೆಲಮಾಳಿಗೆಯ ಒಂದು ಕೋಣೆಯಲ್ಲಿ, ಒಂದು ಪರದೆಯ ಹಿಂದೆ ಇದ್ದಾನೆ. ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬುದು ಅವನ ಪೂರ್ತಿ ಹೆಸರು. ಕೆಲಸದವರ ಬಾಯಲ್ಲಿ ಬರೀ ಬಿಎಂಎಸ್. ಸೂರಿನಲ್ಲಿ ಕೂತ ಸೆನ್ಸರ್ ಕೋಣೆಯ ಶಾಖ ಅಳೆಯುತ್ತದೆ. ಇನ್ನೊಂದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆದು, ಸಭಾಂಗಣದಲ್ಲಿ ಹತ್ತು ಜನರ ಉಸಿರೋ ಇನ್ನೂರು ಜನರದೋ ಎಂದು ಅಂದಾಜು ಹೇಳುತ್ತದೆ. ಮತ್ತೊಂದು ಜನರ ಚಲನೆ ಗಮನಿಸಿ, ಯಾರೂ ಇಲ್ಲವೆಂದರೆ ದೀಪ ಆರಿಸುತ್ತದೆ. ಎಲ್ಲ ಸುದ್ದಿಯೂ ಕಂಟ್ರೋಲರ್‌ಗೆ ಬರುತ್ತದೆ. ಅದು ತಣ್ಣೀರಿನ ವಾಲ್ವನ್ನು ಇಷ್ಟೇ ತೆರೆ, ಫ್ಯಾನನ್ನು ಇಷ್ಟೇ ತಿರುಗಿಸು, ಕಿಟಕಿಯಿಂದ ಬಿಸಿಲು ಬಂದಿದೆ ದೀಪ ತಗ್ಗಿಸು ಎಂದು ಅಪ್ಪಣೆ ಕೊಡುತ್ತದೆ. ಬೇಕಾದಲ್ಲಿ, ಬೇಕಾದಾಗ, ಬೇಕಾದಷ್ಟು. ನೀರುಗಂಟಿಯ ಇಡೀ ಶಾಸ್ತ್ರ ಈ ಮೂರು ಮಾತಿನಲ್ಲಿದೆ.

ಈ ವಿದ್ಯೆಯ ಬೇರು ಎಲ್ಲಿ ಗೊತ್ತೇ? ಒಂದು ತರಗತಿಯಲ್ಲಿ! ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾರೆನ್ ಜಾನ್ಸನ್ ಎಂಬ ಮೇಷ್ಟ್ರು ಪಾಠ ಮಾಡುತ್ತಿದ್ದರು. ಚಳಿಯ ದೇಶ. ಕೋಣೆ ಎಷ್ಟು ಬೆಚ್ಚಗಿದೆ ಎಂದು ನೋಡಲು ಕೆಲಸದಾಳು ಪಾಠದ ನಡುವೆ ಒಳಗೆ ಬರಬೇಕು, ನೆಲಮಾಳಿಗೆಗೆ ಇಳಿದು ಬಿಸಿಗಾಳಿ ಹೆಚ್ಚುಕಡಿಮೆ ಮಾಡಬೇಕು. ದಿನವೂ ಇದೇ ಕಾಟ. ಮೇಷ್ಟ್ರು ಗೊಣಗಿಕೊಂಡು ಸುಮ್ಮನಿರಲಿಲ್ಲ. ಕೋಣೆಯ ಶಾಖವನ್ನು ತಾನೇ ಅರಿತು ಕೆಳಗೆ ಸುದ್ದಿ ಮುಟ್ಟಿಸುವ ವಿದ್ಯುತ್ ಥರ್ಮೋಸ್ಟಾಟ್ ಮಾಡಿದರು, 1883ರಲ್ಲಿ ಪೇಟೆಂಟ್ ಪಡೆದರು. ಇಂದು ಜಗತ್ತಿನ ಗಗನಚುಂಬಿಗಳನ್ನು ಆಳುವ ವಿದ್ಯೆ ಮೊಳೆತದ್ದು ಒಂದು ಶಾಲೆಯ ಕಿರಿಕಿರಿಯಿಂದ. ನಿಮ್ಮ ಕಾಲೇಜಿನಲ್ಲಿ ಇಂಥ ಕಿರಿಕಿರಿಗಳಿಗೆ ಬರವೇ?

ಲೆಕ್ಕದ ಮಹಿಮೆ ನೋಡಿ. ಫ್ಯಾನಿಗೋ ಪಂಪಿಗೋ ಬೇಕಾಗುವ ವಿದ್ಯುತ್ತು ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಐದರಲ್ಲಿ ಒಂದು ಪಾಲು ವೇಗ ಬಿಟ್ಟುಕೊಟ್ಟರೆ ಅರ್ಧದಷ್ಟು ಕರೆಂಟು ಕೈಗೆ ಬಂತು! ನಮ್ಮ ದೇಶದಲ್ಲಿ 2020ರ ಜನವರಿಯಿಂದ ಕೋಣೆಯ ಏಸಿಗಳು 24 ಡಿಗ್ರಿಗೆ ಹೊಂದಿಸಿಯೇ ಮಾರಾಟಕ್ಕೆ ಬರಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಒಂದು ಡಿಗ್ರಿ. ಒಂದು ಬೆರಳಿನ ಕೆಲಸ.

ಇದು ಕಾಗದದ ಮೇಲಿನ ಆಸೆಯಲ್ಲ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಹೈದರಾಬಾದಿನಲ್ಲಿ ಒಂದು ಕಟ್ಟಡವನ್ನು ಒಂದೇ ತೆರನಾದ ಎರಡು ಹೋಳಾಗಿ ಕಟ್ಟಿತು. ಒಂದರಲ್ಲಿ ಒಳ್ಳೆಯ ಮಾಮೂಲಿ ಏಸಿ, ಇನ್ನೊಂದರಲ್ಲಿ ಚಾವಣಿಯ ಕಾಂಕ್ರೀಟಿನೊಳಗೆ ತಣ್ಣೀರು ಹರಿಸಿ ತಂಪು ಮಾಡುವ ಏರ್ಪಾಡು. ಎರಡಕ್ಕೂ ಮೀಟರುಗಳನ್ನು ಹಾಕಿ ಅಳೆದಾಗ, ತಣ್ಣೀರಿನ ಹೋಳು ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆ ವಿದ್ಯುತ್ತಿನಲ್ಲಿ ನಡೆಯಿತು. ಅಳೆದದ್ದರಿಂದ ಗೊತ್ತಾಯಿತು. ಅಳೆಯದಿದ್ದರೆ ವಾದವಷ್ಟೇ ಉಳಿಯುತ್ತಿತ್ತು. ಹಳೆಯ ಕಟ್ಟಡಗಳ ಗತಿಯೇನು ಎನ್ನುವಿರಾ? 1931ರಲ್ಲಿ ಎದ್ದ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 6,514 ಕಿಟಕಿಗಳನ್ನು 2009ರ ನಂತರ ಒಂದೊಂದಾಗಿ ಬಿಚ್ಚಿ ಸರಿಪಡಿಸಿ, ಹೊಸ ನಿಯಂತ್ರಣ ವ್ಯವಸ್ಥೆ ಕೂರಿಸಿ, ಇಂಧನ ಬಳಕೆಯನ್ನು ಶೇ 38ರಷ್ಟು ಇಳಿಸುವ ಗುರಿಯಿಟ್ಟುಕೊಂಡು ಹೊರಟರು. ಎಪ್ಪತ್ತೆಂಟು ವರ್ಷದ ಕಟ್ಟಡ ಹೊಸ ಅಭ್ಯಾಸ ಕಲಿಯಬಹುದಾದರೆ, ಇಪ್ಪತ್ತರ ನಾವು ಕಲಿಯಲಾರೆವೇ?

ಆದರೆ ಒಂದು ಮಾತನ್ನು ಎದೆಯಲ್ಲಿ ಬರೆದುಕೊಳ್ಳಿ. ಯಂತ್ರ ತಾನಾಗಿ ಏನನ್ನೂ ಉಳಿಸುವುದಿಲ್ಲ.

ಎಷ್ಟೋ ಕಟ್ಟಡಗಳಲ್ಲಿ ಲಕ್ಷಾಂತರ ರೂಪಾಯಿಯ ಬಿಎಂಎಸ್ ಇದೆ. ಪ್ಯಾನೆಲ್ ಮೇಲೆ ಒಂದು ತಿರುಗುಗುಂಡಿ. ಅದಕ್ಕೆ ಮೂರು ಗುರುತು: ಆಟೋ, ಆಫ್, ಮ್ಯಾನುಯಲ್. ಯಾರೋ ಒಂದು ದಿನ ಸೆಕೆ ಎಂದು ದೂರಿದರು, ಯಾರೋ ಬಂದು ಗುಂಡಿಯನ್ನು ಮ್ಯಾನುಯಲ್‌ಗೆ ತಿರುಗಿಸಿದರು, ಸೆಕೆ ಹೋಯಿತು, ದೂರಿದವರು ಕೆಲಸ ಬಿಟ್ಟುಹೋದರು, ತಿರುಗಿಸಿದವರು ಮರೆತರು, ಮಳೆಗಾಲ ಬಂತು, ಚಳಿಗಾಲ ಬಂತು, ಫ್ಯಾನು ಮಾತ್ರ ಹಗಲೂ ರಾತ್ರಿ ಪೂರ್ತಿ ವೇಗದಲ್ಲಿ ತಿರುಗುತ್ತಲೇ ಇದೆ. ನೀರುಗಂಟಿಯ ಕೈ ಕಟ್ಟಿ ಕೂರಿಸಿದ್ದೇವೆ.

ಆ ನೆಲಮಾಳಿಗೆಯಲ್ಲಿ ನೀವೇ ಇದ್ದೀರಿ ಎಂದುಕೊಳ್ಳಿ. ಡಿಪ್ಲೊಮಾ ಮುಗಿಸಿ ಮೊದಲ ಕೆಲಸ. ಪರದೆಯ ಮೇಲೆ ನಾಲ್ಕನೇ ಮಹಡಿಗೆ ತಂಪುಗಾಳಿ ಕಳಿಸುವ ಏರ್ ಹ್ಯಾಂಡ್ಲಿಂಗ್ ಯೂನಿಟ್ಟಿನ ಚಿತ್ರ. ತಣ್ಣೀರಿನ ವಾಲ್ವ್ ಶೇ 0, ಅಂದರೆ ಪೂರ್ತಿ ಮುಚ್ಚಿದೆ. ಆದರೆ ಅಲ್ಲಿಂದ ಹೊರಡುವ ಗಾಳಿ 15 ಡಿಗ್ರಿ ತೋರಿಸುತ್ತಿದೆ. ಮುಚ್ಚಿದ ವಾಲ್ವಿನ ಆಚೆ ಇಷ್ಟು ತಂಪು ಹೇಗೆ ಬಂತು? ಬೇರೆಯವರಾದರೆ ನಮಗೇಕೆ ಎಂದು ಪಕ್ಕಕ್ಕೆ ತಿರುಗಿಯಾರು. ನೀವು ಮೆಟ್ಟಿಲು ಹತ್ತುತ್ತೀರಿ. ಯಂತ್ರದ ಕೋಣೆಯ ಬಾಗಿಲು ತೆರೆದು, ವಾಲ್ವಿನ ಆಚೆಗಿನ ಕೊಳವೆಯ ಮೇಲೆ ಅಂಗೈ ಇಡುತ್ತೀರಿ. ಕೊರೆಯುತ್ತಿದೆ. ಹೊದಿಕೆ ಕಿತ್ತ ಜಾಗದಲ್ಲಿ ಹನಿ ಹನಿ ಬೆವರಿದೆ. ವಾಲ್ವ್ ಒಳಗೆ ಸವೆದಿದೆ! ಪರದೆ ಮುಚ್ಚಿದೆ ಎನ್ನುತ್ತಿದೆ, ನೀರು ಸೋರುತ್ತಲೇ ಇದೆ, ಕೆಳಗೆ ನೀರು ತಣಿಸುವ ಯಂತ್ರ ಚಿಲ್ಲರ್ ಆ ಸೋರಿಕೆಗಾಗಿ ಬೇಡದ ದುಡಿಮೆ ದುಡಿಯುತ್ತಿದೆ. ಒಡೆದ ಬದುವನ್ನು ಲಾಟೀನಿನ ಬೆಳಕಲ್ಲಿ ಕಂಡುಹಿಡಿದ ನೀರುಗಂಟಿಯಂತೆ, ನೀವು ಅಂಗೈಯಲ್ಲಿ ಕಂಡುಹಿಡಿದಿರಿ. ಯಾವ ಸಾಫ್ಟ್‌ವೇರ್ ಇದ್ದರೂ ಆ ಅಂಗೈ ಬೇಕು. ಅದು ನಿಮ್ಮದು.

ಹಾಗಾದರೆ ಎಲ್ಲಿಂದ ಶುರು ಮಾಡೋಣ? ನಿಮ್ಮ ಹಾಸ್ಟೆಲಿನ ತಾರಸಿಯಿಂದ. ಸಂಪಿನಿಂದ ನೀರೆತ್ತುವ ಮೋಟರ್ ಆಫ್ ಮಾಡಲು ಮರೆತು, ಮೇಲಿನ ಟ್ಯಾಂಕು ತುಂಬಿ ಗೋಡೆಗುಂಟ ಸುರಿಯುವುದನ್ನು ನಾವೆಲ್ಲ ನೋಡಿದ್ದೇವೆ. ನೀರೂ ಹೋಯಿತು, ಕರೆಂಟೂ ಹೋಯಿತು. ಟ್ಯಾಂಕು ತುಂಬಿದೊಡನೆ ಮೋಟರ್ ನಿಲ್ಲಿಸುವ ಪುಟ್ಟ ಕಂಟ್ರೋಲರ್ ಕೂರಿಸಿ. ಎರಡನೇ ಸೆಮಿಸ್ಟರಿನವರೇ ಕೂತು ಮಾಡಬಹುದಾದ ಕೆಲಸ ಅದು. ಆಮೇಲೆ ಕಾಲೇಜಿನ ಒಂದು ತಿಂಗಳ ಬಿಲ್ಲು ಕೈಗೆತ್ತಿಕೊಳ್ಳಿ. ರಾತ್ರಿ ಹತ್ತಕ್ಕೆ ಒಮ್ಮೆ, ಬೆಳಗಿನ ಐದಕ್ಕೆ ಒಮ್ಮೆ ಮೀಟರ್ ಓದಿ. ಎಲ್ಲರೂ ಮಲಗಿದ್ದಾಗಲೂ ಓಡಿದ ಆ ಯೂನಿಟ್ಟುಗಳು ಯಾರ ಪಾಲು? ಹುಡುಕಿ. ಪಟ್ಟಿ ಮಾಡಿ. ಪ್ರಾಂಶುಪಾಲರ ಮೇಜಿನ ಮೇಲೆ ಇಡಿ.

ಅಲ್ಲಿಂದ ಮುಂದಕ್ಕೆ ದಾರಿ ತೆರೆದಿದೆ. ಐಟಿಐಯವರಿಗೆ ವಾಲ್ವು, ಮೋಟರ್, ವೈರಿಂಗ್ ಕಾಯುತ್ತಿವೆ. ಡಿಪ್ಲೊಮಾದವರಿಗೆ ಕಂಟ್ರೋಲರ್ ಕಾಯುತ್ತಿದೆ. ಕಂಪ್ಯೂಟರ್ ಓದಿದವರಿಗೆ ಬ್ಯಾಕ್‌ನೆಟ್ ಇದೆ. ಬೇರೆ ಬೇರೆ ಕಂಪನಿಯ ಯಂತ್ರಗಳು ಪರಸ್ಪರ ಮಾತಾಡಲೆಂದು 1995ರಿಂದ ಬಳಕೆಯಲ್ಲಿರುವ ಆ ನುಡಿಯನ್ನು ಕಲಿತವರಿಗೆ ಜಗತ್ತಿನ ಯಾವ ಕಟ್ಟಡವೂ ಪರಕೀಯವಲ್ಲ. ವಾಸ್ತುಶಿಲ್ಪ ಓದುವವರು ನಮ್ಮ ತೊಟ್ಟಿಮನೆಯನ್ನು ಮತ್ತೆ ನೋಡಿ ಬನ್ನಿ. ಬಿಸಿಗಾಳಿಯನ್ನು ಮೇಲೆ ಬಿಟ್ಟು ಬೆಳಕನ್ನು ಕೆಳಗೆ ಇಳಿಸಿಕೊಳ್ಳುವ ಆ ಅಂಗಳ ಯಾವ ಸ್ವಿಚ್ಚಿಲ್ಲದೆಯೂ ತಂಪಾಗಿತ್ತು. ಮೊದಲು ಕಟ್ಟಡವೇ ಕಡಿಮೆ ಬೇಡಲಿ. ಬೇಡಿದಷ್ಟನ್ನು ಯಂತ್ರ ಅಳೆದು ಕೊಡಲಿ. ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂರಕ್ಷಣಾ ಸಂಹಿತೆ 2007ರಲ್ಲೇ ಬಂದಿದೆ, 2017ರಲ್ಲಿ ಇನ್ನಷ್ಟು ಬಿಗಿಯಾಗಿದೆ. ಎನರ್ಜಿ ಆಡಿಟರ್ ಆಗಲು ರಾಷ್ಟ್ರಮಟ್ಟದ ಪರೀಕ್ಷೆಯಿದೆ. ಕಾನೂನಿದೆ, ಯಂತ್ರವಿದೆ, ವಿದ್ಯೆಯಿದೆ. ಕೊರತೆ ಒಂದೇ. ನೀವು.

2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯಗಳು ಬರಿದಾದಾಗ, ಪಂಪ್‌ಸೆಟ್ಟಿನ ಕರೆಂಟಿಗಾಗಿ ರೈತರು ಬೀದಿಗೆ ಬಂದದ್ದು ನೆನಪಿದೆಯೇ? ಕಟ್ಟಡದಲ್ಲಿ ನಾವು ಬಳಸದೆ ಬಿಟ್ಟ ಯೂನಿಟ್ಟು ಗಾಳಿಗೆ ಹೋಗುವುದಿಲ್ಲ. ಅದು ಲಿಂಗನಮಕ್ಕಿಯಲ್ಲಿ ನೀರಾಗಿ ನಿಲ್ಲಬಹುದು, ಶಕ್ತಿನಗರದಲ್ಲಿ ಸುಡದ ಕಲ್ಲಿದ್ದಲಾಗಿ ಉಳಿಯಬಹುದು, ಬೇಸಿಗೆಯ ಒಂದು ರಾತ್ರಿ ಒಣಗುವ ಬೆಳೆಗೆ ನೀರೆತ್ತುವ ಪಂಪಾಗಬಹುದು. ಅಚ್ಚುಕಟ್ಟಿನ ಕೊನೆಯ ಗದ್ದೆ ಅದು. ಅಲ್ಲಿಗೆ ಮುಟ್ಟಬೇಕು. ಮುಟ್ಟಿಸುವವರು ನಾವೇ ಆಗಬೇಕು.

ನಮ್ಮ ಮನೆಯ ಹಿರಿಯರು ದೀಪ ಆರಿಸು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಅಶುಭದ ಮಾತು. ಮಲಗುವ ಹೊತ್ತಿಗೆ ಅಜ್ಜಿ ಹೇಳುತ್ತಿದ್ದುದು, 'ದೀಪ ದೊಡ್ಡದು ಮಾಡು, ಮಗಾ.' ಚಿಕ್ಕವರಿದ್ದಾಗ ಅದು ಬರೀ ಶಾಸ್ತ್ರದ ಮಾತೆನಿಸಿತ್ತು. ಇಂದು ಅದರ ಅರ್ಥ ತಿಳಿಯುತ್ತಿದೆ. ಬೇಡದ ಕಡೆ ಆರಿದ ಒಂದು ದೀಪ, ಬೇಕಾದ ಕಡೆ ಇನ್ನೊಂದಾಗಿ ಹೊತ್ತಿಕೊಳ್ಳುತ್ತದೆ.

ಏಳಿ. ಮೆಟ್ಟಿಲಿಳಿದು ಆ ನೆಲಮಾಳಿಗೆಯ ಕೋಣೆಗೆ ಹೋಗಿ. ಮೀಟರ್ ಓದಿ, ಕೊಳವೆ ಮುಟ್ಟಿ, ಗುಂಡಿಯನ್ನು ಮತ್ತೆ ಆಟೋಗೆ ತಿರುಗಿಸಿ. ಈ ನಾಡಿನ ತೂಬು ಈಗ ನಿಮ್ಮ ಕೈಯಲ್ಲಿದೆ.

ದೀಪ ದೊಡ್ಡದು ಮಾಡಿ.