ಇಬ್ಬರು ಅತಿಥಿಗಳು, ಒಂದು ಕಾಲುವೆಯ ಮಾತು



ರೇಡಿಯೋದ ವಾರಾಂತ್ಯದ ಸಂದರ್ಶನಗಳನ್ನು ನೀವು ಕೇಳಿರಬಹುದು. ಅತಿಥಿ ಒಬ್ಬರೇ ಆದರೆ ಅವರು ಹೇಳಿದ್ದೇ ಮಾತು; ತಾಳೆ ನೋಡಲು ಬೇರೆ ದನಿ ಇರುವುದಿಲ್ಲ. ಇಬ್ಬರನ್ನು ಎದುರು ಬದುರು ಕೂರಿಸಿದರೆ? ರಾಯಚೂರಿನಲ್ಲಿ ಆಕಾಶವಾಣಿಯ ಎಫ್.ಎಂ. ಕೇಂದ್ರವಿದೆ. ಅಲ್ಲಿಗೆ ಯಾವ ಜೋಡಿಯನ್ನು ಕರೆಯಬಹುದೆಂದು ಯೋಚಿಸೋಣ.

ಈ ಜಿಲ್ಲೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನದು. ದೇವದುರ್ಗಕ್ಕೆ ಕೃಷ್ಣೆಯ ನೀರು, ನಾರಾಯಣಪುರ ಬಲದಂಡೆ ಕಾಲುವೆಯಿಂದ. ಮಾನ್ವಿಯದು ತುಂಗಭದ್ರಾ ಎಡದಂಡೆ ಕಾಲುವೆ. ಅದು ಮುನಿರಾಬಾದಿನ ಬಳಿ ಹೊರಟು, ಗಂಗಾವತಿ, ಸಿಂಧನೂರು ಭಾಗಗಳನ್ನು ದಾಟಿ, ಸುಮಾರು 225 ಕಿಲೋಮೀಟರ್ ಹರಿಯುತ್ತದೆ. ಯೋಜನೆ ಮಾಡಿದ್ದು ಹೆಚ್ಚಾಗಿ ಕಡಿಮೆ ನೀರು ಬೇಡುವ ಬೆಳೆಗಳಿಗೆ. ಮೇಲ್ಭಾಗದಲ್ಲಿ ಬೆಳೆದದ್ದು ಭತ್ತ. ಹೀಗಾಗಿ ಮಾನ್ವಿ, ರಾಯಚೂರು ತಾಲೂಕುಗಳ ಕೊನೆಯ ಹೊಲಗಳವರು ನೀರಿಗಾಗಿ ಮತ್ತೆ ಮತ್ತೆ ರಸ್ತೆಗಿಳಿಯಬೇಕಾಗಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಮಾತ್ರ ಕಾಲುವೆಯ ಎರಡೂ ತುದಿಗಳಿಗೆ ಒಂದೇ ಭಯ.

ಗಂಗಾವತಿಯ ರೈತರೊಬ್ಬರನ್ನೂ ಮಾನ್ವಿಯವರೊಬ್ಬರನ್ನೂ ಕರೆದರೆ ಜಗಳವಂತೂ ಖಚಿತ. ಕೇಳಲು ರಂಜನೆ, ತಿಳಿಯುವುದು ಕಡಿಮೆ. ಅಧಿಕಾರಿಯನ್ನು ಕೂರಿಸಿದರೆ ರೈತರು 'ಸಾಹೇಬರೇ' ಎಂದು ಅರ್ಧ ಮಾತು ನುಂಗಿಕೊಳ್ಳುತ್ತಾರೆ. ನಾನಾದರೆ ದೇವದುರ್ಗದವರನ್ನು ಕರೆಯುತ್ತೇನೆ. ಅವರ ನದಿಯೇ ಬೇರೆ, ಆದ್ದರಿಂದ ಮಾನ್ವಿಯವರೊಡನೆ ನೀರಿನ ಪೈಪೋಟಿಯಿಲ್ಲ. ಕೆಲಸ ಮಾತ್ರ ಒಂದೇ. 'ನೀರು ಸಾಕಾಯಿತೇ?' ಎಂದು ಸಂದರ್ಶಕ ಕೇಳುವಲ್ಲಿ ಅವರು, 'ಗೇಜ್ ಎಷ್ಟಿತ್ತಣ್ಣ? ನಿಮ್ಮ ತೂಬಿಗೆ ಎಷ್ಟನೇ ದಿನ ಬಂತು?' ಎಂದು ಕೇಳುತ್ತಾರೆ. ಉತ್ತರವಾಗಿ ಅಂಕಿ ಬರುತ್ತದೆ, ಅದನ್ನು ಪರೀಕ್ಷಿಸಬಹುದು. ಸಂದರ್ಶಕ ಆಗ ಸುಮ್ಮನಿರುವುದು ಲೇಸು. (ನಮ್ಮ ವೃತ್ತಿಯವರಿಗೆ ಇದೇ ಕಷ್ಟ!)

ಇನ್ನು ತಾಂತ್ರಿಕ ವಿಷಯ. ದೂರದರ್ಶನದಲ್ಲಿ ತಲೆಯಾಡಿಸಿದರೂ ಉತ್ತರವಾಯಿತು. ರೇಡಿಯೋದಲ್ಲಿ ಅದು ಬರಿಯ ಮೌನ. ಆದ್ದರಿಂದ ಅತಿಥಿಗಳ ಹೆಸರನ್ನು ಆಗಾಗ ಹೇಳುತ್ತಿರಬೇಕು. ಮೈಕುಗಳು ಎರಡಿದ್ದರೆ ಒಬ್ಬರ ದನಿ ಎರಡಕ್ಕೂ ಮುಟ್ಟುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, 34 ಸೆಂಟಿಮೀಟರ್ ಅಂತರಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗ ತಡ. ಎರಡೂ ಮೈಕುಗಳ ಧ್ವನಿ ಬೆರೆತಾಗ 500 ಹರ್ಟ್ಸ್ ಸುತ್ತಿನ ಸ್ವರಗಳು ಒಂದನ್ನೊಂದು ಕುಗ್ಗಿಸುತ್ತವೆ, ಮಾತು ಕೊಡದೊಳಗಿನಿಂದ ಬಂದಂತೆ ಕೇಳುತ್ತದೆ. ಬಾಯಿಂದ ಮೈಕಿಗೆ ಒಂದು ಗೇಣಿದ್ದರೆ ಮೈಕಿನಿಂದ ಮೈಕಿಗೆ ಕನಿಷ್ಠ ಮೂರು ಗೇಣು ಇಡಿ. ಕಾಲೇಜಿನಲ್ಲಿ ಎರಡು ಮೊಬೈಲುಗಳಲ್ಲಿ ಧ್ವನಿಮುದ್ರಿಸಿ, ಒಂದರ ಮೇಲೊಂದು ಕೂಡಿಸಿ ಕೇಳಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ.