ಕೊಳ್ಳುವ ಕೈ, ದುಡಿಯುವ ಕೈ

(ಶಂಶಾಬಾದಿನಲ್ಲಿ ಸೇರಿದ ಕನ್ನಡ ಕೆಲಸಗಾರರ ಸಭೆಯಲ್ಲಿ ಸಂಘದ ಪರವಾಗಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ, ಕಣ್ಣಿಗೆ ನಿದ್ದೆ ಹತ್ತುವ ಹೊತ್ತಿನಲ್ಲಿ ತಾವೆಲ್ಲ ಇಲ್ಲಿಗೆ ಬಂದಿದ್ದೀರಿ. ಅದಕ್ಕಾಗಿ ಮೊದಲು ವಂದನೆಗಳು. ಉದ್ದ ಮಾತಾಡಿ ತಮ್ಮ ವಿಶ್ರಾಂತಿಯನ್ನು ಕೆಡಿಸುವ ಮನಸ್ಸು ನಮಗಿಲ್ಲ. ನಮ್ಮೆಲ್ಲರ ಜೇಬಿನಲ್ಲಿರುವ ಫೋನಿನ ಬಗ್ಗೆ ನಾಲ್ಕು ಮಾತು ಹೇಳಿ ಕುಳಿತುಕೊಳ್ಳುತ್ತೇವೆ.

ಹಿಂದಿನ ಸಭೆಯಲ್ಲಿ ಕೆಲವು ಕಿರಿಯ ಗೆಳೆಯರು ಒಂದು ಠರಾವು ತಂದಿದ್ದರು. ಕೆಲಸಗಾರರಿಗೆ ಅನ್ಯಾಯ ಮಾಡುವ ಕಂಪನಿಗಳ ಫೋನನ್ನು ನಮ್ಮವರು ಕೊಳ್ಳಕೂಡದು. ಬಾಡಿಗೆ ಕಾರು ಕರೆಸುವ, ಊಟ ತರಿಸುವ ಆ್ಯಪುಗಳನ್ನು ಎಲ್ಲರೂ ತೆಗೆದುಹಾಕಬೇಕು ಎಂದು. ಅದಕ್ಕೆ ಇನ್ನು ಕೆಲವರು ಎದ್ದು, "ನಮ್ಮ ಸಂಬಳವೇ ತಿಂಗಳ ಇಪ್ಪತ್ತಕ್ಕೆ ಮುಗಿಯುತ್ತದೆ. ಅಗ್ಗದಲ್ಲಿ ಸಿಕ್ಕಿದ್ದನ್ನು ಬಿಡಿ ಎಂದರೆ ಬಿಡುವುದು ಹೇಗೆ?" ಎಂದು ಕೇಳಿದರು. ಮಾತು ಬೆಳೆಯಿತು, ಠರಾವು ಮುಂದಕ್ಕೆ ಹೋಯಿತು. ಎರಡು ಕಡೆಯವರ ಮಾತಿನಲ್ಲಿಯೂ ಸತ್ಯವಿದೆ. ಆದುದರಿಂದಲೇ ಇದನ್ನು ಸಾವಧಾನವಾಗಿ ಯೋಚಿಸಬೇಕಾಗಿದೆ.

ಇಲ್ಲಿ ಕುಳಿತ ಹಿರಿಯರಲ್ಲಿ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಭೋಂಗಾ ಕೇಳಿ ಬೆಳೆದವರಿದ್ದಾರೆ, ಹೈದರಾಬಾದಿನ ಡಿ.ಬಿ.ಆರ್. ಮಿಲ್ಲಿನ ಗೇಟು ಕಂಡವರಿದ್ದಾರೆ. ಆ ಮಿಲ್ಲುಗಳು ಮುಚ್ಚಿ ಬಹಳ ಕಾಲವಾಯಿತು. ಆದರೆ ಬದಲಿ ಕಾಮಗಾರನೆಂದರೆ ಏನು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾದರೆ ಗೇಟಿನ ಮುಂದೆ ನಿಲ್ಲಬೇಕು. ಜಾಬರ್ ಬೆರಳು ತೋರಿಸಿದರೆ ಆ ದಿನದ ಕೂಲಿ, ತೋರಿಸದಿದ್ದರೆ ಬರಿಗೈಯಲ್ಲಿ ಮನೆಗೆ. ಇಂದು ಕಾರು ಓಡಿಸುವ, ಪಾರ್ಸಲ್ ಒಯ್ಯುವ ನಮ್ಮ ಹುಡುಗರ ಪಾಡು ಇದಕ್ಕಿಂತ ಬೇರೆಯೆ? ಈಗ ಫೋನೇ ಗೇಟು, ಫೋನೇ ಜಾಬರ್. ಗಿರಾಕಿ ಒತ್ತುವ ಚುಕ್ಕೆಗಳು ಕಡಮೆಯಾದರೆ ಐಡಿ ಬಂದ್. ಹಳೆಯ ಜಾಬರನಿಗೆ ಮುಖವಾದರೂ ಇತ್ತು, ನಾಲ್ಕು ಜನ ಸೇರಿ ಅವನ ಮನೆಯ ಬಾಗಿಲಿಗೆ ಹೋಗಬಹುದಾಗಿತ್ತು. ಈ ಜಾಬರನ ಮನೆಯಾವುದು? ಕಂಪನಿಯವರು ಈ ಹುಡುಗರನ್ನು ಕೆಲಸಗಾರರೆನ್ನುವುದಿಲ್ಲ, 'ಪಾರ್ಟ್‌ನರ್' ಎನ್ನುತ್ತಾರೆ. ಲಾಭದಲ್ಲಿ ಪಾಲಿಲ್ಲದೆ ಪೆಟ್ರೋಲಿನಲ್ಲಿ, ಟೈರಿನಲ್ಲಿ, ಅಪಘಾತದಲ್ಲಿ ಮಾತ್ರ ಪಾಲಿರುವ ಇಂಥ ಪಾಲುದಾರಿಕೆಯನ್ನು ನಾವು ಬೇರೆಲ್ಲೂ ಕಂಡಿಲ್ಲ.

ಈಗ ನಾವು ನಿಂತಿರುವ ಊರಿನ ಮಾತಿಗೆ ಬರೋಣ. 2008ರ ಮಾರ್ಚ್ ತಿಂಗಳಲ್ಲಿ ವಿಮಾನಗಳು ಬೇಗಂಪೇಟೆಯನ್ನು ಬಿಟ್ಟು ಶಂಶಾಬಾದಿಗೆ ಬಂದವು. ಬೆಂಗಳೂರು ರಸ್ತೆಯ ಪಕ್ಕದ ಈ ಊರಿಗೆ ಅವುಗಳ ಹಿಂದೆಯೇ ಹೋಟೆಲುಗಳು, ಗೋದಾಮುಗಳು, ಬಾಡಿಗೆ ಕಾರುಗಳು ಬಂದವು. ಅವುಗಳ ಹಿಂದೆ ನಾವು ಬಂದೆವು. 1956ರ ನವೆಂಬರ್ 1ರ ತನಕ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಗಡಿ ಬದಲಾಯಿತು, ಹೊಟ್ಟೆಪಾಡಿಗೆ ಹೈದರಾಬಾದಿನ ದಾರಿ ಹಿಡಿಯುವುದು ಮಾತ್ರ ನಿಲ್ಲಲಿಲ್ಲ.

ಇಲ್ಲಿಯ ಕಾರು ಚಾಲಕರು ತೆಲಂಗಾಣ ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕಾರ್ಮಿಕರ ಸಂಘ ಕಟ್ಟಿಕೊಂಡಿದ್ದಾರೆ. 2024ರ ಏಪ್ರಿಲ್‌ನಲ್ಲಿ, ಬಿಸಿಲಿನ ನಡುವೆ, ಇವರು ಕಾರಿನಲ್ಲಿ ಎ.ಸಿ. ಹಾಕುವುದಿಲ್ಲ ಎಂದು ಸಾರಿದರು. ಎ.ಸಿ. ಹಾಕಿ ಓಡಿಸಿದರೆ ಕಿಲೊಮೀಟರಿಗೆ 16ರಿಂದ 18 ರೂಪಾಯಿ ತಗಲುತ್ತದೆ, ಕೈಗೆ ಬರುವುದು 10ರಿಂದ 12 ರೂಪಾಯಿ ಎಂಬುದು ಅವರ ಲೆಕ್ಕ. ಸೆಕೆಗೆ ಬೆವೆತ ಗಿರಾಕಿ ಬೈದನು. ಬೈಗುಳ ತಿಂದವನು ಚಾಲಕನೇ; ಬಾಡಿಗೆಯ ದರ ಗೊತ್ತುಮಾಡಿದವರು ಅಲ್ಲಿರಲಿಲ್ಲ. ಮರುವರ್ಷ, 2025ರ ಮಾರ್ಚ್ 24ರಿಂದ, ಅದೇ ಸಂಘ ಶಂಶಾಬಾದ್ ವಿಮಾನ ನಿಲ್ದಾಣದ ಓಲಾ, ಉಬರ್, ರಾಪಿಡೋ ಬಾಡಿಗೆಗಳನ್ನು ಬಹಿಷ್ಕರಿಸಲು ಕರೆಕೊಟ್ಟಿತು. 'ಲೋ ಫೇರ್, ನೋ ಏರ್' ಎಂದು ಅದಕ್ಕೆ ಹೆಸರು. ದರ ಕಡಮೆಯಾದರೆ ವಿಮಾನ ನಿಲ್ದಾಣಕ್ಕೆ ಬಾಡಿಗೆ ಇಲ್ಲ ಎಂದರ್ಥ.

ಆ ದಿನಗಳಲ್ಲಿ ಗಿರಾಕಿಯ ಮುಂದೆ ಎರಡು ದಾರಿಗಳಿದ್ದವು. ಒಂದು, ಗುಂಡಿ ಒತ್ತುತ್ತ ಕುಳಿತು, ಬಹಿಷ್ಕಾರ ಮುರಿಯುವ ಚಾಲಕನೊಬ್ಬ ಸಿಗುವ ತನಕ ಕಾಯುವುದು. ಇನ್ನೊಂದು, ಚೀಲ ಹೆಗಲಿಗೇರಿಸಿ ಸರ್ಕಾರಿ ಸಾರಿಗೆಯ ಪುಷ್ಪಕ್ ಬಸ್ಸು ಹತ್ತುವುದು. ಬಸ್ಸು ಹತ್ತಿದವನಿಗೆ ನಷ್ಟವಾದದ್ದು ಸ್ವಲ್ಪ ಹೊತ್ತು, ಅಷ್ಟೆ. ಚಾಲಕನಿಗೆ ಅದು ಆನೆಯ ಬಲ. ಇಲ್ಲಿ 'ಬೇಡ' ಎಂದು ಮೊದಲು ಹೇಳಿದವನು ದುಡಿಯುವವನು. ಕೊಳ್ಳುವವನು ಅದಕ್ಕೆ ದನಿಗೂಡಿಸಿದನು. ಈ ಕ್ರಮವನ್ನು ತಾವು ನೆನಪಿನಲ್ಲಿಡಬೇಕು.

ಇನ್ನು ಫೋನು ತಯಾರಾಗುವ ಕಡೆಗೆ ಹೋಗೋಣ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಎಂಬ ತೈವಾನಿನ ಕಂಪನಿ ಆ್ಯಪಲ್‌ಗಾಗಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಅಲ್ಲಿಯ ಕೆಲಸಗಾರರು ರೊಚ್ಚಿಗೆದ್ದು ಗಾಜು ಒಡೆದರು, ವಾಹನ ಉರುಳಿಸಿದರು. ಕರ್ನಾಟಕದ ಕಾರ್ಖಾನೆಗಳ ಇಲಾಖೆ ವಿಚಾರಿಸಿದಾಗ ತಿಳಿದುಬಂದದ್ದೇನು? ಕೆಲವೇ ಕಾಲದಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಬಹುಪಾಲು ಜನ ಗುತ್ತಿಗೆದಾರರ ಮೂಲಕ ಬಂದವರು. ಹಾಜರಿಯ ಲೆಕ್ಕವೂ ಸಂಬಳದ ಲೆಕ್ಕವೂ ಸರಿಯಿರಲಿಲ್ಲ. ಕೆಲವರಿಗೆ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲವೆಂದು ಕಂಪನಿಯೇ ಕೊನೆಗೆ ಒಪ್ಪಿ ಕ್ಷಮೆ ಕೇಳಿತು. ಡಿಸೆಂಬರ್ 19ರಂದು ಆ್ಯಪಲ್, ತಪ್ಪು ತಿದ್ದಿಕೊಳ್ಳುವ ತನಕ ಹೊಸ ಕೆಲಸ ಕೊಡುವುದಿಲ್ಲವೆಂದು ವಿಸ್ಟ್ರಾನ್‌ಗೆ ಹೇಳಿತು. ಒಂದು ವಾರದಲ್ಲಿ ಇಷ್ಟಾಯಿತು. ಏಕೆ? ಲೋಕದ ಗಿರಾಕಿಗಳ ಕಣ್ಣು ನರಸಾಪುರದ ಮೇಲೆ ಬಿದ್ದಿತ್ತು. ಗಿರಾಕಿಯ ಕಣ್ಣಿಗೆ ಬಲವಿಲ್ಲ ಎನ್ನುವವರು ಇದನ್ನು ನೋಡಬೇಕು.

ಆದರೆ ಇದೇ ಕಥೆಗೆ ಇನ್ನೊಂದು ಮುಖವಿದೆ. ನೂರೈವತ್ತಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. ಅವರ ಪರವಾಗಿ ಕಂಪನಿಯ ಮುಂದೆ ಕುಳಿತು ಲೆಕ್ಕ ಕೇಳುವ ಸಂಘ ಕಾರ್ಖಾನೆಯೊಳಗೆ ಇರಲಿಲ್ಲ. ಸಂಘವಿಲ್ಲದ ಕಡೆ ಸಿಟ್ಟು ಕಲ್ಲಾಗುತ್ತದೆ. ಕಲ್ಲು ಎತ್ತಿದವನು ಜೈಲಿಗೆ ಹೋಗುತ್ತಾನೆ, ಸಂಬಳ ತಡೆದವನು ಕ್ಷಮಾಪಣೆಯ ಕಾಗದ ಬರೆಯುತ್ತಾನೆ. ಆಗ ನಾವೆಲ್ಲ ಸೇರಿ 'ಇನ್ನು ಆ ಫೋನು ಬೇಡ' ಎಂದು ಬಿಟ್ಟಿದ್ದರೆ ಏನಾಗುತ್ತಿತ್ತು? ಮೊದಲು ಮನೆಗೆ ಹೋಗುತ್ತಿದ್ದವರು ಆ ಗುತ್ತಿಗೆಯ ಹುಡುಗರೇ. ಅವರು ಕೇಳಿದ್ದು ಬಾಕಿ ಸಂಬಳವನ್ನು. ಕಾರ್ಖಾನೆಗೆ ಬೀಗ ಹಾಕಿಸಿ ಎಂದಲ್ಲ. ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡುಕೊಂಡರು.

ಇಂಥದೇ ಇನ್ನೊಂದು ಸಂಗತಿ. 2021ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ಶ್ರೀಪೆರುಂಬುದೂರಿನ ಬಳಿ ಫಾಕ್ಸ್‌ಕಾನ್ ಕಂಪನಿಯ ಹೆಣ್ಣುಮಕ್ಕಳು ವಸತಿಗೃಹದ ಊಟ ತಿಂದು ಕಾಯಿಲೆ ಬಿದ್ದರು. 159 ಮಂದಿ ಆಸ್ಪತ್ರೆ ಸೇರಿದರು. ಅವರ ಸಂಗಾತಿಗಳು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತ ಮೇಲೆಯೇ ಲೋಕಕ್ಕೆ ಸುದ್ದಿ ತಿಳಿಯಿತು. ನಾವು ಅಡಿಗೆಮನೆಯವರು, ಹಳಸಿದ ಅನ್ನವೆಂದರೆ ಏನೆಂದು ನಮಗೆ ಗೊತ್ತು. ಅದೇ ಫಾಕ್ಸ್‌ಕಾನ್ ಬಳಗದ ಕಾರ್ಖಾನೆಯೊಂದು ಈಗ ನಮ್ಮ ರಂಗಾರೆಡ್ಡಿ ಜಿಲ್ಲೆಯ ಕೊಂಗರ ಕಲಾನ್‌ನಲ್ಲಿಯೇ ಎದ್ದುನಿಂತಿದೆ. ನಾಳೆ ನಮ್ಮ ಊರಿನ ಹೆಣ್ಣುಮಕ್ಕಳು ಅಲ್ಲಿಗೆ ಕೆಲಸಕ್ಕೆ ಹೋಗುವವರೇ. ಆದುದರಿಂದ ಇದು ದೂರದ ಮಾತಲ್ಲ.

ಕೊಳ್ಳುವವನು ಕಣ್ಣು ಮುಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ಮುಂಬಯಿಯ ಗಿರಣಿಗಳು ನಮಗೆ ಕಲಿಸಿವೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಕೆಲಸ ನಿಲ್ಲಿಸಿದರು. ಅವರಲ್ಲಿ ಕನ್ನಡಿಗರೂ ಇದ್ದರು. ಗಿರಣಿಯ ಮಗ್ಗ ನಿಂತಿತು. ಅಂಗಡಿಯಲ್ಲಿ ಬಟ್ಟೆ ಮಾತ್ರ ನಿಲ್ಲಲಿಲ್ಲ. ಭಿವಂಡಿಯ ಪವರ್‌ಲೂಮಿನಲ್ಲಿ, ಇನ್ನೂ ಕಡಮೆ ಕೂಲಿಯಲ್ಲಿ, ಬಟ್ಟೆ ನೇಯ್ದು ಬರುತ್ತಲೇ ಇತ್ತು. ಕೊಳ್ಳುವವನು ಎಲ್ಲಿಯದು ಎಂದು ಕೇಳಲಿಲ್ಲ. ಮುಷ್ಕರದ ಮನೆಯವರೂ ಹಬ್ಬಕ್ಕೆ ಅದೇ ಬಟ್ಟೆ ಕೊಂಡಿರಬಹುದು, ಅವರನ್ನು ದೂಷಿಸಲಾರೆವು. ಆದರೆ ಸೋತ ಮುಷ್ಕರದಲ್ಲಿ ಆ ಮೌನಕ್ಕೂ ಒಂದು ಪಾಲಿತ್ತು.

ಈಚಿನ ಮಾತು ಬೇಕೆ? 2025ರ ಡಿಸೆಂಬರ್ 25 ಮತ್ತು 31ರಂದು ಪಾರ್ಸಲ್ ಒಯ್ಯುವ ಕೆಲಸಗಾರರು ದೇಶದ ಹಲವು ಕಡೆ ಮುಷ್ಕರಕ್ಕೆ ಇಳಿದರು. ಹತ್ತು ನಿಮಿಷದಲ್ಲಿ ಮನೆಗೆ ಮುಟ್ಟಿಸುತ್ತೇವೆಂಬ ಜಾಹೀರಾತು ತಮ್ಮ ಜೀವಕ್ಕೆ ಮುಳುವಾಗಿದೆ ಎಂಬುದು ಅವರ ದೂರುಗಳಲ್ಲಿ ಒಂದು. 2026ರ ಜನವರಿಯಲ್ಲಿ ಕೇಂದ್ರದ ಕಾರ್ಮಿಕ ಸಚಿವರು ಕಂಪನಿಗಳೊಡನೆ ಮಾತಾಡಿದ ಮೇಲೆ ಬ್ಲಿಂಕಿಟ್ ತನ್ನ ಜಾಹೀರಾತಿನಿಂದ 'ಹತ್ತು ನಿಮಿಷ'ವನ್ನು ತೆಗೆಯಿತು. ಜಾಹೀರಾತಿನ ಮಾತು ಹೋದ ಮಾತ್ರಕ್ಕೆ ಕೂಲಿ ಏರುವುದಿಲ್ಲ. ಆದರೂ ಕಲ್ಲಿಲ್ಲದೆ, ಜೈಲಿಲ್ಲದೆ, ಸಂಘದ ಕರೆಯಿಂದ ಒಂದು ಅಂಕಿ ಅಳಿಸಿಹೋಯಿತು.

ಆದುದರಿಂದ, ಗೆಳೆಯರೆ, ಠರಾವಿನ ಬಗ್ಗೆ ನಮ್ಮ ಅಭಿಪ್ರಾಯ ಇದು: ದುಡಿಯುವವನನ್ನು ಕೇಳದೆ ಕೊಳ್ಳುವವನು ಮಾಡುವ ಬಹಿಷ್ಕಾರದಿಂದ ನಮ್ಮ ಮನಸ್ಸಿಗೆ ಸಮಾಧಾನವಾಗಬಹುದು, ಅವನ ಮನೆಯಲ್ಲಿ ಒಲೆ ಆರಬಹುದು. ದುಡಿಯುವವನೇ 'ಬೇಡ' ಎಂದು ಕರೆಕೊಟ್ಟ ದಿನ, ಅದು ಎಷ್ಟೇ ಅಗ್ಗವಾಗಿರಲಿ, ನಾವು ಮುಟ್ಟಕೂಡದು. ಕರೆ ಅವನದು, ಪಾಲಿಸುವ ಹೊಣೆ ನಮ್ಮದು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಹೊಲಸನ್ನೂ ಹೇಳಬೇಕು. ಹೋದ ಮಳೆಗಾಲದಲ್ಲಿ ನಮ್ಮವರೇ ದುಡಿಯುವ ಒಂದು ಹೋಟೆಲಿನ ಹಿಂಬಾಗಿಲಲ್ಲಿ ಪಾರ್ಸಲಿಗೆಂದು ಒಬ್ಬ ಹುಡುಗ ನೆನೆಯುತ್ತ ನಿಂತಿದ್ದ. ಒಳಗೆ ಬರಹೋದರೆ ನಮ್ಮ ಸಪ್ಲೈಯರ್ ಒಬ್ಬರು, "ಹೊರಗೆ ನಿಲ್ಲು ಮಾರಾಯ, ನೆಲವೆಲ್ಲ ಕೆಸರು" ಎಂದು ಗದರಿಸಿದರು. ಆ ಹುಡುಗ, "ಆಯ್ತ್ರಿ ಅಣ್ಣಾರೆ, ಒಂದ್ ಗ್ಲಾಸ್ ನೀರರೆ ಕೊಡ್ರಿ" ಎಂದ. ಹುಮನಾಬಾದಿನ ಕಡೆಯವನು. ಕನ್ನಡ ಕೇಳಿ ಇವರಿಗೆ ನಾಚಿಕೆಯಾಯಿತು; ಒಳಗೆ ಕರೆದು ನೀರು ಕೊಟ್ಟು, ಚಹಾ ಕೊಟ್ಟರು. ಕೊಟ್ಟದ್ದು ಒಳ್ಳೆಯದೇ. ಆದರೆ ಅವನು ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ನೀರು ಕೇಳಿದ್ದರೆ? ಕೆಲಸಗಾರನ ಬಾಯಾರಿಕೆಗೆ ಭಾಷೆ ಉಂಟೆ? ಮಾಲೀಕನ ಗದರಿಕೆ ತಿಂದು ಬೆಳೆದ ನಾವು ಇನ್ನೊಬ್ಬನನ್ನು ಗದರಿಸಿದರೆ, ಆ್ಯಪಿನ ಕಂಪನಿಯನ್ನು ಬೈಯುವ ಬಾಯಿ ನಮಗೆಲ್ಲಿಂದ ಬರಬೇಕು?

ಇನ್ನು ಮಾಡಬೇಕಾದ ಕೆಲಸ. ನಮ್ಮವರಿರುವ ಪ್ರತಿಯೊಂದು ಹೋಟೆಲಿನಲ್ಲಿ ಪಾರ್ಸಲಿನ ಹುಡುಗರಿಗೆ ಒಂದು ಬೆಂಚು, ಕುಡಿಯುವ ನೀರು, ಕಕ್ಕಸಿನ ಬಾಗಿಲು ತೆರೆದಿರುವಂತೆ ಮಾಲೀಕರನ್ನು ಕೇಳೋಣ. ಊಟ ತಡವಾದುದು ನಮ್ಮ ಒಲೆಯಿಂದಾದರೆ ಅವನ ಚುಕ್ಕೆ ಕತ್ತರಿಸದಂತೆ ಗಿರಾಕಿಗೆ ನಾವೇ ತಿಳಿಸೋಣ. ಕಂತಿನ ಸಾಲ ಮಾಡಿ ವರ್ಷಕ್ಕೊಂದು ಫೋನು ಕೊಳ್ಳುವ ಚಟವನ್ನು ಕಿರಿಯರು ಬಿಡಬೇಕು; ಅಬಿಡ್ಸಿನ ಜಗದೀಶ್ ಮಾರ್ಕೆಟ್ಟಿನಲ್ಲಿ ರಿಪೇರಿ ಮಾಡಿಸಿದರೆ ಹಳೆಯದೇ ಇನ್ನೆರಡು ವರ್ಷ ನಡೆಯುತ್ತದೆ. ಕಂತು ಕಟ್ಟಬೇಕಾದವನು ಮುಷ್ಕರಕ್ಕೆ ಹೆದರುತ್ತಾನೆ ಎಂಬುದು ಸಾಲ ಕೊಡುವವನಿಗೆ ಚೆನ್ನಾಗಿ ಗೊತ್ತು.

ಕಾನೂನಿನ ಮಾತೂ ತಿಳಿದಿರಲಿ. ಕರ್ನಾಟಕದಲ್ಲಿ 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯಿದೆಯಂತೆ, ಕಂಪನಿ ಪ್ರತಿ ಕೆಲಸಕ್ಕೆ ಕೊಡುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ಬರೆದು 14 ದಿನಗಳ ನೋಟೀಸು ಕೊಡಬೇಕು. ತೆಲಂಗಾಣ ಸರ್ಕಾರವೂ 2025ರ ಏಪ್ರಿಲ್‌ನಲ್ಲಿ ಇಂಥದೊಂದು ಕರಡನ್ನು ಪ್ರಕಟಿಸಿತು. ಕೇಂದ್ರದ ಇ-ಶ್ರಮ್‌ನಲ್ಲಿ ಈ ಕೆಲಸಗಾರರು ಹೆಸರು ಬರೆಯಿಸಬಹುದು. ಕಾಯಿದೆ ಕಾಗದದಲ್ಲಿರುತ್ತದೆ, ಅದನ್ನು ಅಲ್ಲಿಂದ ಇಳಿಸಿ ಕೈಗೆ ಕೊಡಿಸುವುದು ಸಂಘದ ಕೆಲಸ. ಅರ್ಜಿ ತುಂಬಲು ಬಾರದವರಿಗೆ, ಅವರು ಯಾವ ಭಾಷೆಯವರೇ ಆಗಿರಲಿ, ನಮ್ಮ ಓದುಬಲ್ಲ ಹುಡುಗರು ಸಹಾಯ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ.

ಬೆಳಿಗ್ಗೆ ದುಡಿಯುವ ಕೈಯೇ ಸಂಜೆ ಕೊಳ್ಳುವ ಕೈ. ಒಂದು ಕೈ ಇನ್ನೊಂದರ ಕುತ್ತಿಗೆ ಹಿಸುಕದಂತೆ ನೋಡಿಕೊಂಡರೆ ಸಾಕು, ಅರ್ಧ ಕೆಲಸ ಆದಂತೆಯೇ. ತಿದ್ದಿದ ಠರಾವನ್ನು ಈಗ ಕಾರ್ಯದರ್ಶಿಗಳು ಓದುತ್ತಾರೆ. ಒಪ್ಪಿಗೆಯಾದರೆ ಕೈ ಎತ್ತಿರಿ. ಇಲ್ಲವಾದರೆ ಎದ್ದುನಿಂತು ಮಾತಾಡಿರಿ.